ಕರಿ ಮನೆ, ಬಿಳಿ ಮನೆ

ನಮ್ಮ ಕಾತ್ರಜದ ಕನ್ನಡಿಗರ ಮನೆಗಳಲ್ಲಿ ಈಗ ಕೆಲವು ವರ್ಷಗಳಿಂದ ಒಂದು ಹೊಸ ಸಾಮಾನು ಬಂದು ಸೇರಿಕೊಂಡಿದೆ. ಹಿಂದೆಲ್ಲ ಊರಿನಿಂದ ಬರುವಾಗ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ, ಹಾಡುವ ಮನೆತನವಾದರೆ ಅಜ್ಜನ ಕಾಲದ ಒಂದು ಪೇಟಿ, ಇಷ್ಟು ಬರುತ್ತಿದ್ದವು. ಈಗ ಪಡಸಾಲೆಯ ಮೂಲೆಯಲ್ಲಿ ಉದ್ದನೆಯ ಕೀಬೋರ್ಡು ನಿಂತಿರುತ್ತದೆ. ಅನುಕೂಲವಿದ್ದವರ ಮನೆಯಲ್ಲಿ ನಿಜವಾದ ಪಿಯಾನೋ ಉಂಟು. ಸಂಜೆ ಆರು ಗಂಟೆಗೆ ಮಕ್ಕಳು ಅದರ ಮುಂದೆ ಕೂರುತ್ತಾರೆ. ಅಡುಗೆಯ ಮನೆಯಲ್ಲಿ ಒಗ್ಗರಣೆಯ ಸದ್ದು, ಹೊರಗೆ ಸಾತಾರಾ ರಸ್ತೆಯ ಲಾರಿಗಳ ಸದ್ದು, ನಡುವೆ ಈ ಟಿಣ್ ಟಿಣ್.

ಸಂಘದ ಕೂಟಗಳಲ್ಲಿ ನಾವು ಕುಳಿತಿರುವಾಗ ಈ ಟಿಣ್ ಟಿಣ್ ಕುರಿತು ಎರಡು ದೂರುಗಳು ನಮ್ಮ ಕಿವಿಗೆ ಬೀಳುವುದುಂಟು. ಒಂದು ಅಜ್ಜಿಯಂದಿರದು: “ಅದೇನು ಬಾರಸ್ತದವ್ವಾ ಕೂಸು? ಒಂದು ದಾಸರ ಪದ ಬರೂದಿಲ್ಲ ಅದಕ್ಕ.” ಇನ್ನೊಂದು ತಂದೆಯವರದು: “ಬರುವ ವರ್ಷ ಹತ್ತನೇ ಇಯತ್ತೆ. ಇನ್ನು ಮುಚ್ಚಳ ಹಾಕಿಬಿಡುವುದು ಒಳ್ಳೆಯದು.” ಪರವಾದ್ಯ ಕಲಿತ ಮಗು ನಮ್ಮದಾಗಿ ಉಳಿದೀತೇ ಎಂಬುದು ಮೊದಲನೆಯ ಪ್ರಶ್ನೆ. ಹೊಟ್ಟೆಯ ವಿದ್ಯೆ ಬಂದು ಬಾಗಿಲು ತಟ್ಟಿದಾಗ ಕೈಯ ವಿದ್ಯೆಯನ್ನು ಬಿಟ್ಟುಬಿಡಬೇಕೇ ಎಂಬುದು ಎರಡನೆಯದು. ಎರಡೂ ಸಣ್ಣ ಪ್ರಶ್ನೆಗಳಲ್ಲ. ಊರು ಬಿಟ್ಟು ಬಂದವರ ಮನೆಗಳಲ್ಲಂತೂ ಇವು ದಿನದ ಪ್ರಶ್ನೆಗಳು.

ಉಪದೇಶ ಮಾಡುವ ಹವ್ಯಾಸ ನಮಗಿಲ್ಲ. ಅದರ ಬದಲು ಈ ಸಲ ಇಬ್ಬರು ಪಿಯಾನೋ ವಾದಕರ ಕಥೆ ಹೇಳುತ್ತೇವೆ. ಇಬ್ಬರೂ ಸುಮಾರು ಒಂದೇ ವಯಸ್ಸಿನವರು. ಒಬ್ಬರು ನಮ್ಮ ಮೈಸೂರಿನವರು, ಅರಮನೆಯಲ್ಲಿ ಹುಟ್ಟಿದವರು. ಇನ್ನೊಬ್ಬರು ಭೂಮಿಯ ಆ ಬದಿಯ ಕ್ಯೂಬಾ ದ್ವೀಪದವರು, ಹಳ್ಳಿಯಲ್ಲಿ ಹುಟ್ಟಿದವರು.

ಮೈಸೂರಿನವರೆಂದರೆ ಬೇರೆ ಯಾರೂ ಅಲ್ಲ, ಜಯಚಾಮರಾಜ ಒಡೆಯರು. ಅವರ ದಸರಾ ಮೆರವಣಿಗೆಯ ಪಟ ನಮ್ಮಲ್ಲಿ ಅನೇಕರ ಹಳೆಯ ಮನೆಗಳ ಗೋಡೆಯ ಮೇಲೆ ಇದ್ದದ್ದೇ. ಆನೆ, ಅಂಬಾರಿ, ಜರಿಯ ಪೇಟ, ಇವನ್ನು ಬಲ್ಲವರು ಬಹಳ. ಆ ಅಂಬಾರಿಯೊಳಗೆ ಕುಳಿತಿದ್ದವರು ಒಂದು ಕಾಲಕ್ಕೆ ಕಚೇರಿ ಪಿಯಾನೋ ವಾದಕರಾಗಬೇಕೆಂದು ಆಸೆ ಪಟ್ಟಿದ್ದರೆಂಬುದನ್ನು ಬಲ್ಲವರು ಕಡಿಮೆ.

ಅವರು ಹುಟ್ಟಿದ್ದು 1919ನೆಯ ಇಸವಿ ಜುಲೈ 18ರಂದು. ಆ ಅರಮನೆಯಲ್ಲಿ ಪಾಶ್ಚಾತ್ಯ ಸಂಗೀತವೆಂಬುದು ಅಪರೂಪದ ಪದಾರ್ಥವಾಗಿರಲಿಲ್ಲ. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆಯನ್ನೂ ಬಲ್ಲವರು, ಪಿಯಾನೋವನ್ನೂ ಬಲ್ಲವರು. ಅವರ ಆಸ್ಥಾನದಲ್ಲಿ ಕರ್ನಾಟಕ ಬ್ಯಾಂಡು ಒಂದು, ಇಂಗ್ಲಿಷ್ ಬ್ಯಾಂಡು ಒಂದು. ಒಂದು ಕಡೆ ವೀಣೆ ಶೇಷಣ್ಣನವರ ಪರಂಪರೆ, ಮೈಸೂರು ವಾಸುದೇವಾಚಾರ್ಯರು, ಮುತ್ತಯ್ಯ ಭಾಗವತರು. ಇನ್ನೊಂದು ಕಡೆ ಬ್ಯಾಂಡು ನಡೆಸಲು ಜರ್ಮನಿಯಿಂದ ಬಂದ ಓಟೋ ಸ್ಮಿತ್. ಹುಡುಗನ ಎರಡು ಕಿವಿಗಳಿಗೆ ಎರಡು ಸಂಗೀತ. ಮಹಾರಾಜಾ ಕಾಲೇಜಿನಲ್ಲಿ ಓದಿ 1938ರಲ್ಲಿ ಬಿ.ಎ. ಮುಗಿಸಿದರು; 1939ರಲ್ಲಿ ಯುರೋಪಿನ ಪ್ರವಾಸ ಮಾಡಿದರು. ಮನಸ್ಸು ಪಿಯಾನೋದ ಮೇಲೆ ಇತ್ತು.

ಆಮೇಲೆ 1940 ಬಂತು. ಮಾರ್ಚಿಯಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು. ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡರು. ಐದು ತಿಂಗಳೊಳಗೆ ಎರಡು ಸಾವು. ಸೆಪ್ಟೆಂಬರಿನಲ್ಲಿ, ಇಪ್ಪತ್ತೊಂದು ವರ್ಷದ ತರುಣ ಮೈಸೂರಿನ ಸಿಂಹಾಸನದ ಮೇಲೆ ಕುಳಿತ. ಲಂಡನ್ನಿನ ವೇದಿಕೆಯ ಮೇಲೆ ಕುಳಿತು ಬಾರಿಸುವ ಕನಸು ಅಲ್ಲಿಗೆ ಮುಗಿಯಿತು. ನಮ್ಮ ಮನೆಗಳಲ್ಲಿ ತಂದೆ ತೀರಿಕೊಂಡ ವರ್ಷ ಹಿರಿಯ ಮಗ ಕಾಲೇಜು ಬಿಟ್ಟು ಕೆಲಸಕ್ಕೆ ಸೇರುತ್ತಾನಲ್ಲವೇ? ಅದೇ ಕಥೆ, ಅರಮನೆಯ ಅಳತೆಯಲ್ಲಿ.

ಇಲ್ಲಿಯವರೆಗಿನದು ದುಃಖದ ಕಥೆ. ಆದರೆ ಮುಂದಿನದನ್ನು ಕೇಳಬೇಕು. ಅವರು ಮುಚ್ಚಳ ಹಾಕಲಿಲ್ಲ.

ರಾಜ್ಯಭಾರದ ನಡುವೆಯೇ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೋ ಆಗಿ ಆರಿಸಿತು. ನಮ್ಮ ಪುಣೆಯ ಮಕ್ಕಳು ಇಂದು ಪಿಯಾನೋ ಪರೀಕ್ಷೆಗೆ ಕೂರುತ್ತಾರಲ್ಲ, ಅವರ ಪ್ರಮಾಣಪತ್ರದ ಮೇಲೆ ಅನೇಕ ಸಲ ಇರುವುದು ಇದೇ ಟ್ರಿನಿಟಿಯ ಹೆಸರು.

ತಾವು ಬಾರಿಸಲಾಗದ ವೇದಿಕೆಯ ಮೇಲೆ ಬೇರೆಯವರು ಬಾರಿಸುವಂತೆ ಮಾಡಿದ್ದು ಅವರ ಎರಡನೆಯ ಕೆಲಸ. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರರು 1921ರಲ್ಲಿ ದೇಶ ಬಿಟ್ಟು, ಊರೂರು ತಿರುಗಿ, ಕೊನೆಗೆ ಲಂಡನ್ನಿನಲ್ಲಿ ನೆಲೆ ನಿಂತಿದ್ದರು. ದೊಡ್ಡ ಪಿಯಾನೋ ವಾದಕರು, ದೊಡ್ಡ ರಚನಕಾರರು. ಆದರೆ ಮಹಾಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು, ಆರೋಗ್ಯ ಕೆಟ್ಟಿತು. ಅವರ ಸಂಗೀತವನ್ನು ಕೇಳಿದ್ದವರೇ ವಿರಳ. ಮೈಸೂರಿನ ತರುಣ ಮಹಾರಾಜರು ಕೇಳಿದ್ದರು! ಅವರು ಹಣ ಕೊಟ್ಟು ಮೆಟ್ನರ್ ಸೊಸೈಟಿಯನ್ನು ಹುಟ್ಟುಹಾಕಿದರು. ಅದರಿಂದಾಗಿ 1940ರ ದಶಕದ ಕೊನೆಯ ವರ್ಷಗಳಲ್ಲಿ ಆ ಮುದುಕರು ತಮ್ಮ ಮೂರು ಪಿಯಾನೋ ಕಾಂಚೆರ್ಟೋಗಳನ್ನೂ ಅನೇಕ ಹಾಡು ಮತ್ತು ಚಿಕ್ಕ ರಚನೆಗಳನ್ನೂ ತಮ್ಮ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಿದರು. 1951ರಲ್ಲಿ ತೀರಿಕೊಂಡರು. ತಮ್ಮ ಮೂರನೆಯ ಕಾಂಚೆರ್ಟೋವನ್ನು ಅವರು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಯಾರಾದರೂ ಮೆಟ್ನರರ ಕೈಯ ನಾದವನ್ನು ಕೇಳುತ್ತಾರೆಂದರೆ ಅದರ ಹಿಂದೆ ಕಾವೇರಿಯ ಸೀಮೆಯ ಹಣ ಇದೆ. ದೇಶ ಬಿಟ್ಟವನ ಕಷ್ಟ ಸಿಂಹಾಸನದ ಮೇಲೆ ಕುಳಿತವನಿಗೆ ಅರ್ಥವಾಯಿತೆಂಬುದು ನಮ್ಮಂಥ ವಲಸಿಗರು ನೆನೆಯಬೇಕಾದ ಮಾತು.

ಆ ಕಾಲಕ್ಕೆ ವಾಲ್ಟರ್ ಲೆಗ್ ಎಂಬವರು ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ಎಂಬ ವಾದ್ಯವೃಂದವನ್ನು 1945ರಲ್ಲಿ ಕಟ್ಟಿ, ಅದನ್ನು ನಡೆಸುವುದು ಹೇಗೆಂದು ಚಿಂತಿಸುತ್ತಿದ್ದರು. ಅವರು ಮೈಸೂರಿಗೆ ಬಂದು ನೋಡಿದರೆ ಅರಮನೆಯಲ್ಲಿ ಗ್ರಾಮಫೋನು ತಟ್ಟೆಗಳ ಒಂದು ಭಂಡಾರವೇ ಇದೆ. ಹಲವು ದೊಡ್ಡ ಪಿಯಾನೋಗಳಿವೆ. ಇನ್ನೂ ಮೂವತ್ತು ತುಂಬದ ಅರಸರು ಲಂಡನ್ನಿನವರೇ ಕೇಳದ ರಚನೆಗಳ ಬಗ್ಗೆ ಮಾತಾಡುತ್ತಿದ್ದಾರೆ. ವರ್ಷಕ್ಕೆ ಹತ್ತು ಸಾವಿರ ಪೌಂಡಿನಂತೆ ಮೂರು ವರ್ಷ ಕೊಡಲು ಮಹಾರಾಜರು ಒಪ್ಪಿದರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಜರ್ಮನಿಯ ರಿಚರ್ಡ್ ಸ್ಟ್ರೌಸ್ ಸಾಯುವ ಮೊದಲು ಬರೆದಿಟ್ಟ ನಾಲ್ಕು ಕಡೆಯ ಹಾಡುಗಳನ್ನು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಹಾಡಿದ್ದು ಕೂಡ ಇವರ ನೆರವಿನಿಂದಲೇ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ವೃಂದ ನಡೆಸಿದವರು ಫುರ್ಟ್‌ವೆಂಗ್ಲರ್. ಮಹಾರಾಜರಿಗೆ ಹೋಗಲಾಗಲಿಲ್ಲ. ಆ ರಾತ್ರಿಯ ಹಾಡನ್ನು ಮುದ್ರಿಸಿ ಮೈಸೂರಿಗೆ ಕಳಿಸಿದರು. ತಾನೇ ಹಚ್ಚಿಸಿದ ದೀಪವನ್ನು ಅವರು ದೂರದಿಂದ ನೋಡಬೇಕಾಯಿತು.

ಮೂರನೆಯ ಕೆಲಸವೇ ನಮಗೆ ಮುಖ್ಯವಾದದ್ದು. ಪಿಯಾನೋದಿಂದ ತೆಗೆದ ಕೈಯನ್ನು ಅವರು ವೀಣೆಯ ಕಡೆಗೆ ಚಾಚಿದರು. ವೀಣೆ ವೆಂಕಟಗಿರಿಯಪ್ಪನವರಲ್ಲಿಯೂ ವಾಸುದೇವಾಚಾರ್ಯರಲ್ಲಿಯೂ ಕಲಿತು 1940ರ ದಶಕದಲ್ಲಿ ಕೃತಿಗಳನ್ನು ರಚಿಸತೊಡಗಿದರು. ಅವು ಒಟ್ಟು 94. ಸಂಸ್ಕೃತದ ಸಾಹಿತ್ಯ, “ಶ್ರೀವಿದ್ಯಾ” ಎಂಬ ಅಂಕಿತ. ದುರ್ವಾಂಕಿ, ಭೋಗವಸಂತದಂಥ, ವಿದ್ವಾಂಸರೂ ಒಂದು ಕ್ಷಣ ಯೋಚಿಸುವ ರಾಗಗಳನ್ನು ಆರಿಸಿಕೊಂಡರು. ಗಂಭೀರನಾಟದ ಅವರ ಜಾಲಂಧರ ಕೃತಿಯನ್ನು ಇಂದಿಗೂ ಕಚೇರಿಗಳಲ್ಲಿ ಕೇಳುತ್ತೇವೆ. ಹಾಡುವವರು ಎಷ್ಟೋ ಸಲ ರಚನಕಾರರು ಯಾರೆಂಬುದನ್ನು ಹೇಳುವುದಿಲ್ಲ. ಸಂಗೀತ ನಾಟಕ ಅಕಾಡೆಮಿ 1966ರಲ್ಲಿ ಅವರನ್ನು ಫೆಲೋ ಆಗಿ ಗೌರವಿಸಿತು. ರಾಜ್ಯ ಹೋಯಿತು, ರಾಜಪ್ರಮುಖರಾದರು, ರಾಜ್ಯಪಾಲರಾದರು, 1974ರ ಸೆಪ್ಟೆಂಬರ್ 23ರಂದು ಐವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ಪದವಿಗಳೆಲ್ಲ ಹೋದವು; ಆ 94 ಕೃತಿಗಳು ಉಳಿದಿವೆ. ಅದೇ 1974ರಲ್ಲಿ, ಪಿಯಾನೋ ಕಲಿತಿದ್ದ ಅವರ ತಂಗಿ ವಿಜಯಾದೇವಿಯವರು ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಆರಂಭಿಸಿದರು.

ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ಪಿಯಾನೋಕ್ಕೆ ಎಂಬತ್ತೆಂಟು ಮನೆಗಳು. (ಪೇಟಿಯವರು ಒತ್ತುವ ಪಟ್ಟಿಗೆ “ಮನೆ” ಎನ್ನುತ್ತಾರೆ; ಬಿಳಿಯ ಮನೆ, ಕರಿಯ ಮನೆ.) ಒಂದು ಮನೆಗೂ ಪಕ್ಕದ ಮನೆಗೂ ನಡುವೆ ಓಣಿಯಿಲ್ಲ. ವೀಣೆಯಲ್ಲಾದರೆ ತಂತಿಯನ್ನು ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಗಮಕ ಹುಟ್ಟುವುದೇ ಆ ಓಣಿಯಲ್ಲಿ. ಇದೇ ಕಾರಣ ಹೇಳಿ 1940ರಲ್ಲಿ ಆಕಾಶವಾಣಿಯವರು ಪೇಟಿಯನ್ನೇ ಹೊರಗಿಟ್ಟಿದ್ದರು; ಮೂವತ್ತು ವರ್ಷ ದಾಟಿದ ಮೇಲೆ ಆ ಬಾಗಿಲು ಮತ್ತೆ ತೆರೆಯಿತು. ಮಹಾರಾಜರು ಈ ಭೇದವನ್ನು ಬೆರಳಿನಿಂದ ಬಲ್ಲವರು. ಆದ್ದರಿಂದಲೇ ಇರಬೇಕು, ಎರಡನ್ನೂ ಕಲಸಲಿಲ್ಲ. ಅವರ ಕೃತಿಗಳಲ್ಲಿ ಪಿಯಾನೋದ ನೆರಳು ನಮ್ಮ ಕಿವಿಗೆ ಕಾಣಿಸದು. ಅವರದು ಎರಡು ಕೋಣೆಯ ಮನೆ. ಎರಡರಲ್ಲಿಯೂ ದೀಪವಿತ್ತು, ನಡುವೆ ಗೋಡೆಯೂ ಇತ್ತು.

“ಅರಸರ ಮಾತು ಬಿಡಿ, ಅವರಿಗೆ ದುಡ್ಡಿತ್ತು” ಎಂದು ಓದುಗರು ಹೇಳಿಯಾರು. ನ್ಯಾಯವಾದ ಮಾತು. ಅದಕ್ಕೇ ಎರಡನೆಯ ಕಥೆ.

ಕ್ಯೂಬಾ ಕಬ್ಬಿನ ನಾಡು. ಆ ಕಬ್ಬಿನ ಗದ್ದೆಗಳಲ್ಲಿ ದುಡಿಸಲೆಂದು ಆಫ್ರಿಕದಿಂದ ಲಕ್ಷಗಟ್ಟಲೆ ಜನರನ್ನು ಗುಲಾಮರಾಗಿ ಹಿಡಿದು ತಂದಿದ್ದರು. ಅಲ್ಲಿ ಗುಲಾಮಗಿರಿ ಮುಗಿದದ್ದು 1886ರಲ್ಲಿ. ಮೈಮೇಲೆ ಬಟ್ಟೆ ಸಹ ಇಲ್ಲದೆ ಬಂದ ಆ ಜನ ತಮ್ಮ ದೇವರನ್ನೂ ದೇವರ ಮುಂದೆ ಬಾರಿಸುವ ಲಯವನ್ನೂ ಮನಸ್ಸಿನೊಳಗೆ ತಂದರು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ನಾನಾಸಾಹೇಬ ಪೇಶವೆಯ ಕಾಲಕ್ಕೆ ನಮ್ಮ ಕಾತ್ರಜದ ಕೆರೆಯ ನೀರನ್ನು ನೆಲದಡಿಯ ಕಾಲುವೆಯಲ್ಲಿ ಹರಿಸಿ ಶನಿವಾರವಾಡೆಯವರೆಗೆ ಒಯ್ದರಷ್ಟೆ. ಮೇಲೆ ನಡೆದಾಡುವವರಿಗೆ ಅದು ಕಾಣುತ್ತಿರಲಿಲ್ಲ, ಪೇಟೆಯ ಹೌದುಗಳಲ್ಲಿ ಮಾತ್ರ ನೀರು ತುಂಬುತ್ತಿತ್ತು. ಆಫ್ರಿಕದ ಲಯವೂ ಹಾಗೆಯೇ ಕೆಳಗಿನಿಂದ ಹರಿದು ಸ್ಪ್ಯಾನಿಷ್ ಹಾಡಿನಲ್ಲಿ, ಕುಣಿತದಲ್ಲಿ, ಕೊನೆಗೆ ಯುರೋಪಿನ ಪಿಯಾನೋದಲ್ಲಿ ತುಂಬಿಕೊಂಡಿತು. ಅಲ್ಲಿಯ ಸಂಗೀತಕ್ಕೆ ಬೆನ್ನೆಲುಬು “ಕ್ಲಾವೆ” ಎಂಬ ಎರಡು ಮರದ ಕೋಲುಗಳ ತಟ್ಟು: ಎರಡು ಆವರ್ತಗಳಲ್ಲಿ ಐದು ಪೆಟ್ಟು, ಒಂದರಲ್ಲಿ ಮೂರು, ಒಂದರಲ್ಲಿ ಎರಡು. ನಮ್ಮವರು ತೊಡೆಯ ಮೇಲೆ ತಾಳ ಹಾಕಿದ ಹಾಗೆ. ಪಿಯಾನೋದವನು ಆ ಐದು ಪೆಟ್ಟನ್ನು ಮನಸ್ಸಿನಲ್ಲಿ ಹಿಡಿದೇ ಬೆರಳಾಡಿಸಬೇಕು. ಅಲ್ಲಿ ಪಿಯಾನೋ ಅರ್ಧ ಡೋಲು.

ಆ ನಾಡಿನಲ್ಲಿ ಕಿವಿಕಾನ್ ಎಂಬ ಹಳ್ಳಿಯಲ್ಲಿ 1918ರ ಅಕ್ಟೋಬರ್ 9ರಂದು ಬೇಬೋ ವಾಲ್ದೇಸ್ ಹುಟ್ಟಿದರು. ನಮ್ಮ ಮಹಾರಾಜರಿಗಿಂತ ಒಂಬತ್ತು ತಿಂಗಳು ದೊಡ್ಡವರು. ಹವಾನಾ ಪಟ್ಟಣದ ಟ್ರೊಪಿಕಾನಾ ಎಂಬ ಪ್ರಸಿದ್ಧ ನೃತ್ಯಶಾಲೆಯಲ್ಲಿ 1948ರಿಂದ ಸುಮಾರು ಒಂಬತ್ತು ವರ್ಷ ಪಿಯಾನೋ ನುಡಿಸಿದರು, ವೃಂದಕ್ಕೆ ಸಂಗೀತ ಹೊಂದಿಸಿದರು. ಆಫ್ರಿಕ ಮೂಲದ ಪೂಜೆಗಳಲ್ಲಿ ಬಾರಿಸುವ ಬಾತಾ ಎಂಬ ಡೋಲನ್ನು 1952ರಲ್ಲಿ ತಮ್ಮ ವೃಂದದೊಳಕ್ಕೆ ತಂದು “ಬತಾಂಗಾ” ಎಂಬ ಹೊಸ ಲಯ ಕಟ್ಟಿದರು. ಅಮೆರಿಕದ ಜಾಝ್ ಒಂದು ಕಡೆಯಿಂದ, ಆಫ್ರಿಕದ ಡೋಲು ಇನ್ನೊಂದು ಕಡೆಯಿಂದ. ಇವರದು ನಡುವಿನ ಗೋಡೆ ತೆಗೆದ ಮನೆ.

ಕ್ರಾಂತಿಯಾದ ಮೇಲೆ, 1960ರಲ್ಲಿ ಅವರು ಕ್ಯೂಬಾ ಬಿಟ್ಟರು. ಹೆಂಡತಿ ಮಕ್ಕಳು ಅಲ್ಲಿಯೇ ಉಳಿದರು. ಮೆಕ್ಸಿಕೋ, ಸ್ಪೇನ್ ಎಂದು ತಿರುಗಿ 1963ರಲ್ಲಿ ಸ್ವೀಡನ್ನಿಗೆ ಬಂದರು. ಅಲ್ಲಿಯ ಕನ್ಯೆಯನ್ನು ಮದುವೆಯಾಗಿ ಸ್ಟಾಕ್‌ಹೋಮಿನಲ್ಲಿಯೇ ನಿಂತರು. ಹೊಟ್ಟೆಪಾಡಿಗೆ ಹೊಟೇಲುಗಳಲ್ಲಿ ಪಿಯಾನೋ ನುಡಿಸಿದರು. ಒಂದೆರಡು ವರ್ಷವಲ್ಲ, ಸುಮಾರು ಮೂವತ್ತು ವರ್ಷ. ಊಟಕ್ಕೆ ಬಂದವರು ಚಮಚೆ ಆಡಿಸುತ್ತ ಮಾತಾಡುತ್ತಿದ್ದರು. ಮೂಲೆಯಲ್ಲಿ ಬಾರಿಸುವವನು ಹವಾನಾದ ಬೇಬೋ ಎಂದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿದ್ದೀತು? ಹಿಮ ಬೀಳುವ ಊರಿನಲ್ಲಿ ಆ ಬೆರಳುಗಳು ಕಬ್ಬಿನ ನಾಡಿನ ಲಯವನ್ನು ಮರೆಯಲಿಲ್ಲ.

1994ರಲ್ಲಿ, ಎಪ್ಪತ್ತಾರನೆಯ ವಯಸ್ಸಿಗೆ, ಇನ್ನೊಬ್ಬ ವಲಸಿಗ ಕ್ಯೂಬನ್ ಪಾಕೀತೋ ದ ರಿವೇರಾ ಅವರನ್ನು ಕರೆದು ಹೊಸ ಧ್ವನಿಮುದ್ರಿಕೆ ಮಾಡಿಸಿದರು. 2000ದಲ್ಲಿ ಸ್ಪೇನಿನ ಫೆರ್ನಾಂದೋ ತ್ರುಯೆಬಾ ತೆಗೆದ ಚಲಚ್ಚಿತ್ರದಲ್ಲಿ ಕಾಣಿಸಿಕೊಂಡರು. 2003ರಲ್ಲಿ ಸ್ಪೇನಿನ ಜಿಪ್ಸಿ ಗಾಯಕ ದಿಯೆಗೋ ಎಲ್ ಸಿಗಾಲಾ ಜೊತೆಗೂಡಿ ಮಾಡಿದ ಧ್ವನಿಮುದ್ರಿಕೆ ಲೋಕಪ್ರಸಿದ್ಧವಾಯಿತು. ಎಂಬತ್ತೈದರ ಹತ್ತಿರ ಬಂದ ಮೇಲೆ ಕೀರ್ತಿ ಬಾಗಿಲಿಗೆ ಬಂತು. ಬಂದಾಗ ಇವರ ಬೆರಳು ಸಿದ್ಧವಾಗಿತ್ತು; ಮುಖ್ಯ ಸಂಗತಿ ಅದೇ.

ಇನ್ನು ಮಗನ ಮಾತು. ಚೂಚೋ ವಾಲ್ದೇಸ್ ಹುಟ್ಟಿದ್ದೂ ಅಕ್ಟೋಬರ್ 9ರಂದೇ, 1941ರಲ್ಲಿ. ತಂದೆ ದೇಶ ಬಿಟ್ಟಾಗ ಹತ್ತೊಂಬತ್ತು ತುಂಬಿದ ಹುಡುಗ. ಆತ ಕ್ಯೂಬಾದಲ್ಲಿಯೇ ಉಳಿದು, ಪಿಯಾನೋ ಬಿಡದೆ, 1973ರಲ್ಲಿ ಇರಾಕೆರೆ ಎಂಬ ವೃಂದವನ್ನು ಕಟ್ಟಿದರು. ಬಾತಾ ಡೋಲೂ ಜಾಝೂ ಅದರಲ್ಲಿ ಮತ್ತೆ ಒಂದಾದವು. ತಂದೆ ಬಿಟ್ಟ ಎಳೆಯನ್ನು ಮಗ ಎತ್ತಿಕೊಂಡಂತಾಯಿತು. 1978ರಲ್ಲಿ ಆ ವೃಂದ ನ್ಯೂಯಾರ್ಕಿನ ಕಾರ್ನೆಗಿ ಹಾಲಿಗೆ ಬಂದಾಗ, ಹದಿನೆಂಟು ವರ್ಷಗಳ ಮೇಲೆ, ತಂದೆ ಮಗ ಒಬ್ಬರನ್ನೊಬ್ಬರು ಕಂಡರು. ಮುಂದೆ ಇಬ್ಬರೂ ಎರಡು ಪಿಯಾನೋಗಳ ಮುಂದೆ ಕುಳಿತು ನುಡಿಸಿದ ಧ್ವನಿಮುದ್ರಿಕೆ 2008ರಲ್ಲಿ ಹೊರಬಂತು, ಗ್ರ್ಯಾಮಿ ಬಹುಮಾನವನ್ನೂ ಪಡೆಯಿತು. ಬೇಬೋ 2013ರ ಮಾರ್ಚ್ 22ರಂದು ಸ್ಟಾಕ್‌ಹೋಮಿನಲ್ಲಿ ತೀರಿಕೊಂಡರು, ತೊಂಬತ್ತನಾಲ್ಕು ವರ್ಷ ಬಾಳಿ.

ವಾಚಕರೇ, ಈಗ ಆ ಎರಡು ದೂರುಗಳ ಕಡೆಗೆ ತಿರುಗೋಣ.

ವಾದ್ಯ ಪರದೇಶದ್ದು, ಮಗು ನಮ್ಮದಾಗಿ ಉಳಿದೀತೇ? ವಾದ್ಯಕ್ಕೆ ಜಾತಿಯಿಲ್ಲ. ಪಿಟೀಲು ಯುರೋಪಿನಿಂದ ಬಂದದ್ದು. ಮೈಸೂರಿನ ಚೌಡಯ್ಯನವರ ಕೈಯಲ್ಲಿ ಅದು ನಮ್ಮದಾಯಿತು. ಪೇಟಿಯೂ ಹಡಗಿನಿಂದ ಇಳಿದದ್ದೇ. ಇಂದು ಭಜನೆಯ ಮನೆಗಳಲ್ಲಿ ಅದನ್ನು ಪರದೇಶಿ ಎನ್ನುವವರಿಲ್ಲ. ಪಿಯಾನೋ ಕಲಿತದ್ದರಿಂದ ಜಯಚಾಮರಾಜರ ಕೃತಿಗಳು ಕೆಡಲಿಲ್ಲ. ಪಿಯಾನೋ ಮುಟ್ಟಿದ್ದರಿಂದ ಬೇಬೋ ಅವರ ಡೋಲು ಮೂಕವಾಗಲಿಲ್ಲ. ಆದರೆ ಇಬ್ಬರಿಗೂ ಪಿಯಾನೋದ ಜೊತೆಗೆ ಇನ್ನೊಂದು ಕಿವಿ ಇತ್ತು. ಒಬ್ಬರಿಗೆ ವೀಣೆ, ಒಬ್ಬರಿಗೆ ಡೋಲು. ಎರಡನೆಯ ಕಿವಿಯನ್ನು ಕೊಡುವುದು ಪಿಯಾನೋ ಮಾಸ್ತರರ ಕೆಲಸವಲ್ಲ, ಅದು ಮನೆಯ ಕೆಲಸ. ದೂರು ಹೇಳುವ ಅಜ್ಜಿಯೇ ದಿನಕ್ಕೆ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಒಂದು ದಾಸರ ಪದ ಹಾಡಲಿ. ಮಗು ಅಜ್ಜಿಯ ಷಡ್ಜ ಯಾವ ಮನೆಯಲ್ಲಿದೆಯೆಂದು ಹುಡುಕಲಿ. ಬಿಳಿಯದೋ ಕರಿಯದೋ, ಎಲ್ಲೋ ಒಂದು ಕಡೆ ಅದು ಸಿಕ್ಕೇ ಸಿಗುತ್ತದೆ. ಸಿಗದ ಗಮಕವೂ ಉಂಟು. “ಇದು ಇದರಲ್ಲಿ ಬರೂದಿಲ್ಲಲ್ಲ ಅಜ್ಜಿ” ಎಂದು ಮಗು ತಾನೇ ಹೇಳಿದ ದಿನ ಅದಕ್ಕೆ ಎರಡು ಸಂಗೀತಗಳ ಭೇದ ತಿಳಿಯಿತೆಂದು ಅರ್ಥ. ಅಷ್ಟು ತಿಳಿದವರು ದೊಡ್ಡವರಲ್ಲಿಯೂ ಬಹಳ ಜನ ಇಲ್ಲ.

ಇನ್ನು ಹತ್ತನೇ ಇಯತ್ತೆ. ತಂದೆಯರ ಚಿಂತೆಯನ್ನು ನಾವು ಹಗುರ ಮಾಡುವುದಿಲ್ಲ. ಬಾಡಿಗೆ, ಫೀ, ಊರಿಗೆ ಕಳಿಸುವ ಹಣ, ಎಲ್ಲವೂ ನಿಜ. ಪಿಯಾನೋ ನಂಬಿ ಬದುಕಿರೆಂದು ಯಾರಿಗೂ ಹೇಳಲಾರೆವು. ಬೇಬೋ ಅವರ ಮೂವತ್ತು ವರ್ಷ ಎಲ್ಲರಿಂದಲೂ ಆಗುವಂಥದಲ್ಲ. ಆದರೆ ಕಡಿಮೆ ಮಾಡುವುದು ಬೇರೆ, ಬಿಡಿಸುವುದು ಬೇರೆ. ಪರೀಕ್ಷೆಯ ವರ್ಷ ಒಂದು ಗಂಟೆಯ ಬದಲು ಕಾಲು ಗಂಟೆ ಆಗಲಿ. ರಾಜ್ಯವನ್ನೇ ಹೊತ್ತವರು ಆ ಕಾಲು ಗಂಟೆಯನ್ನು ಉಳಿಸಿಕೊಂಡರು. ಬೆರಳು ಒಂದು ವರ್ಷ ಸುಮ್ಮನಿದ್ದರೆ ಮರುವರ್ಷ ಅದನ್ನು ಎಬ್ಬಿಸುವುದು ಎಷ್ಟು ಕಷ್ಟವೆಂದು ಸಂಗೀತ ಬಿಟ್ಟು ಕೊರಗುವ ನಮ್ಮ ಅಕ್ಕಂದಿರನ್ನು ಕೇಳಿ ನೋಡಿ. ಮದುವೆಯಾಗಿ ಪುಣೆಗೆ ಬಂದ ಮೇಲೆ ತಂಬೂರಿಯನ್ನು ಅಟ್ಟದ ಮೇಲಿಟ್ಟವರು ನಮ್ಮ ಸಂಘದಲ್ಲಿಯೇ ಎಷ್ಟು ಜನ! ಅವರಿಗೂ ಈ ಮಾತು ಸೇರುತ್ತದೆ. ಎಪ್ಪತ್ತಾರಕ್ಕೆ ಕರೆ ಬಂದವರ ಕಥೆ ಕೇಳಿದ ಮೇಲೆ ನಲವತ್ತೈದನ್ನು ಮುಪ್ಪೆನ್ನಲು ಬಾಯಿ ಬಾರದು.

ಕೊನೆಗೊಂದು ಸೂಚನೆ, ಸಂಘದ ಕಾರ್ಯಕಾರಿ ಮಂಡಳಿಯವರ ಗಮನಕ್ಕೆ. ಬರುವ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಭಾಷಣಗಳಲ್ಲಿ ಒಂದನ್ನು ಕಡಿಮೆ ಮಾಡಿ, ವಾದ್ಯ ನುಡಿಸುವ ಮಕ್ಕಳಿಗೆ ಅರ್ಧ ಗಂಟೆ ಕೊಡೋಣ. ವಾದ್ಯ ಯಾವುದೇ ಇರಲಿ, ತಡೆಯಿಲ್ಲ. ಶರ್ತವೊಂದೇ: ಅವರು ಕಲಿತದ್ದು ಒಂದು ನುಡಿಸಲಿ, ಮನೆಯಲ್ಲಿ ಹಿರಿಯರಿಂದ ಕೇಳಿ ಹಿಡಿದದ್ದು ಒಂದು ನುಡಿಸಲಿ. ಅಟ್ಟದ ತಂಬೂರಿಗಳಿಗೂ ಕರೆ ಉಂಟು. ಭಾಷಣ ಕಳೆದುಕೊಳ್ಳುವ ಮಹನೀಯರು ಯಾರೆಂಬುದನ್ನು ಮಂಡಳಿಯವರೇ ನಿರ್ಣಯಿಸಲಿ. ಆ ವಿಷಯದಲ್ಲಿ ನಾವು ತಲೆಹಾಕುವುದಿಲ್ಲ.